ಗೇಮ್ ಕನ್ಸೋಲ್ ಕೈಗೆ ಒಗ್ಗುತ್ತದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಿಂಟೆಂಡೊ ಸ್ವಿಚ್ ಲೈಟ್, ಸ್ಟೀಮ್ ಡೆಕ್ – ಕೈಯಲ್ಲಿ ಹಿಡಿದು ಆಡುವ ಈ ಎರಡು ಗೇಮ್ ಕನ್ಸೋಲ್‌ಗಳಲ್ಲಿ ಬಳಸಲು ಯಾವುದು ಸುಲಭ ಎಂಬುದು ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್. ಮೂವತ್ತು ಸಹಪಾಠಿಗಳಿಂದ ಗೂಗಲ್ ಫಾರ್ಮ್ ತುಂಬಿಸಿದೆವು. ‘ಇದು ಮೌಲ್ಯಮಾಪನವೇ ಅಲ್ಲ’ ಎನ್ನುತ್ತಾರೆ ಗೈಡ್. ಏನು ಮಾಡಬೇಕಿತ್ತು?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹಾಸನ

ಉತ್ತರ: ಗೈಡ್ ಮಾತು ಸರಿ. ಫಾರ್ಮಿನಲ್ಲಿ ಸಿಗುವುದು ಅಭಿಪ್ರಾಯ. ನಿಮಗೆ ಬೇಕಿರುವುದು ಬೆರಳು ಎಲ್ಲಿ ತಡವರಿಸಿತು ಎಂಬ ಲೆಕ್ಕ. ಬಳಕೆಯ ಸುಲಭತೆಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 9241-11 ಮೂರನ್ನು ನೋಡುತ್ತದೆ: ಕೆಲಸ ಪೂರ್ತಿಯಾಯಿತೇ, ಅದಕ್ಕೆ ಎಷ್ಟು ಸಮಯ–ಶ್ರಮ ಹಿಡಿಯಿತು, ಬಳಸಿದವರಿಗೆ ಸಮಾಧಾನವಾಯಿತೇ. ಅದೂ ಯಾರು, ಯಾವ ಕೆಲಸಕ್ಕೆ, ಎಲ್ಲಿ ಬಳಸುತ್ತಾರೆ ಎಂದು ಮೊದಲೇ ಗೊತ್ತುಮಾಡಿಕೊಂಡ ಮೇಲೆ.

ಐದಾರು ಕೆಲಸ ಸಾಕು: ಆನ್ ಮಾಡಿ ವೈಫೈ ಪಾಸ್‌ವರ್ಡ್ ಹಾಕುವುದು, ಪರದೆಯ ಬೆಳಕು ತಗ್ಗಿಸುವುದು, ಬ್ಲೂಟೂತ್ ಇಯರ್‌ಫೋನ್ ಜೋಡಿಸುವುದು, ಆಟದ ನಡುವೆ ಸ್ಲೀಪ್ ಮೋಡ್‌ಗೆ ಹಾಕಿ ಮತ್ತೆ ಅಲ್ಲಿಂದಲೇ ಮುಂದುವರಿಸುವುದು, ಮೆಮೊರಿ ಕಾರ್ಡಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಹುಡುಕುವುದು. ಪ್ರತಿಯೊಂದಕ್ಕೂ ಸಮಯ, ತಪ್ಪು ಒತ್ತಿದ ಸಂಖ್ಯೆ, ಸಹಾಯ ಕೇಳಿದರೇ ಎಂಬುದನ್ನು ಬರೆದಿಡಿ. ಪಕ್ಕದಲ್ಲಿ ಕೂತು ‘ಅಲ್ಲಿ ಒತ್ತು ಮಾರಾಯ’ ಎಂದಿರೋ, ಆ ಕೆಲಸದ ಅಂಕಿ ಕೆಟ್ಟಿತು. ಮನಸ್ಸಿನಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳಿಸುತ್ತಾ ಮಾಡಿಸಿದರೆ ಗೊಂದಲದ ಜಾಗ ತಿಳಿಯುತ್ತದೆ, ಆದರೆ ಸಮಯ ಹಿಗ್ಗುತ್ತದೆ. ಹಾಗಾಗಿ ಮಾತಾಡಿಸುವ ಸುತ್ತು ಬೇರೆ, ಸಮಯ ಅಳೆಯುವ ಸುತ್ತು ಬೇರೆ. ಮೊದಲನೆಯದಕ್ಕೆ ಐದಾರು ಮಂದಿ ಸಾಕು. ಎರಡನೆಯದಕ್ಕೆ ಇಪ್ಪತ್ತರಷ್ಟಾದರೂ ಬೇಕು. ಒಬ್ಬೊಬ್ಬರಾದ ಮೇಲೂ ವೈಫೈ, ಬ್ಲೂಟೂತ್ ಜೋಡಣೆ ಅಳಿಸುವುದನ್ನು ಮರೆಯಬೇಡಿ.

ಬಹಳ ತಂಡಗಳು ಎಡವುವುದು ಬಟನ್ ವಿಷಯದಲ್ಲಿ. ಎರಡರಲ್ಲೂ ‘ಎ’ ಒತ್ತಿದರೆ ಒಪ್ಪಿಗೆ. ಆದರೆ ನಿಂಟೆಂಡೊದಲ್ಲಿ ‘ಎ’ ಬಲಕ್ಕಿದೆ, ಸ್ಟೀಮ್ ಡೆಕ್‌ನಲ್ಲಿ ಕೆಳಗಿದೆ. ‘ಬಿ’ ಅದಕ್ಕೆ ತಿರುವುಮುರುವು. ಒಂದರಲ್ಲಿ ಪಳಗಿದ ಹೆಬ್ಬೆರಳು ಇನ್ನೊಂದರಲ್ಲಿ ‘ಹೌದು’ ಎನ್ನಲು ಹೋಗಿ ‘ಬೇಡ’ ಒತ್ತುತ್ತದೆ. ಎಲ್ಲರಿಗೂ ಸ್ವಿಚ್ಚನ್ನೇ ಮೊದಲು ಕೊಟ್ಟರೆ ಡೆಕ್‌ನ ತಪ್ಪುಗಳು ಸುಮ್ಮನೆ ಏರುತ್ತವೆ. ಅರ್ಧ ಮಂದಿಗೆ ಇದು ಮೊದಲು, ಇನ್ನರ್ಧಕ್ಕೆ ಅದು ಮೊದಲು. ಯಾರು ಹಿಂದೆ ಏನು ಆಡಿದ್ದಾರೆಂದೂ ಕೇಳಿ ಬರೆದುಕೊಳ್ಳಿ.

ತೂಕದ ಪರೀಕ್ಷೆ ಹತ್ತು ನಿಮಿಷಕ್ಕೆ ಮುಗಿಯುವುದಲ್ಲ. ಸ್ವಿಚ್ ಲೈಟ್ ಸುಮಾರು 275 ಗ್ರಾಂ, 2022ರ ಮೊದಲ ಡೆಕ್ ಸುಮಾರು 669 ಗ್ರಾಂ. ಮೊಣಕೈಗೆ ಆಸರೆಯಿಲ್ಲದೆ 30 ನಿಮಿಷ ಆಡಿಸಿ, ಹತ್ತು ನಿಮಿಷಕ್ಕೊಮ್ಮೆ ಎಲ್ಲಿ ನೋಯುತ್ತಿದೆ ಎಂದು ಕೇಳಿ. ಲ್ಯಾಬಿನ ಟ್ಯೂಬ್‌ಲೈಟಿನ ಕೆಳಗಷ್ಟೇ ನೋಡಿದರೂ ಸಾಲದು. ಮಂಗಳೂರಿನ ಹಗಲು ರೈಲು ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ಮುಟ್ಟುವಷ್ಟರಲ್ಲಿ 57 ಸುರಂಗ ಹೊಕ್ಕು ಬರುತ್ತದೆ. ಬಿಸಿಲು–ಕತ್ತಲೆ ಬದಲಾದಾಗ ಪರದೆ ಓದಲು ಬರುತ್ತದೆಯೇ, ನೆಟ್‌ವರ್ಕ್ ಇಲ್ಲದೆ ಆಟ ತೆರೆಯುತ್ತದೆಯೇ ಎಂದು ನೋಡಲು ಅದಕ್ಕಿಂತ ಒಳ್ಳೆಯ ಲ್ಯಾಬ್ ಹತ್ತಿರದಲ್ಲಿಲ್ಲ.

ಸಮಾಧಾನ ಅಳೆಯಲು ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಎಂಬ ಹತ್ತು ವಾಕ್ಯಗಳ ಪಟ್ಟಿ ಇದೆ. ಒಂದೊಂದು ಕನ್ಸೋಲ್ ಮುಗಿದ ಕೂಡಲೇ ತುಂಬಿಸಿ. ಉತ್ತರ 1ರಿಂದ 5. ಬೆಸ ವಾಕ್ಯದ ಅಂಕದಿಂದ 1 ಕಳೆಯಿರಿ, ಸಮ ವಾಕ್ಯದ ಅಂಕವನ್ನು 5ರಿಂದ ಕಳೆಯಿರಿ, ಒಟ್ಟನ್ನು 2.5ರಿಂದ ಗುಣಿಸಿ. 68ರ ಆಸುಪಾಸು ಸರಾಸರಿ. ಇದು ಶೇಕಡಾವಾರು ಅಲ್ಲ. ವರದಿಯಲ್ಲಿ ಹಾಗೆ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಸ್ವಿಚ್ ಲೈಟ್ ಅಥವಾ ಸ್ಟೀಮ್ ಡೆಕ್ ಕೊಡಿಸಬೇಕು. ಅಂಗಡಿಯಲ್ಲಿ ಏನು ಪರೀಕ್ಷಿಸಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಮಗಳನ್ನೇ ಕರೆದೊಯ್ಯಿರಿ. ಹಿಡಿತ ಸಡಿಲಿಸದೆ ಅವಳ ತೋರುಬೆರಳು ಮೇಲಂಚಿನ ಬಟನ್‌ಗಳಿಗೂ, ಹೆಬ್ಬೆರಳು ಎರಡೂ ಸ್ಟಿಕ್‌ಗಳಿಗೂ (ವಾಲಿಸಿ ಗೊಂಬೆ ನಡೆಸುವ ಪುಟ್ಟ ಗುಬುಟುಗಳಿಗೆ) ತಲುಪಬೇಕು. ಮೆನುವಿನಲ್ಲಲ್ಲ, ಆಟದೊಳಗಿನ ಅತಿ ಸಣ್ಣ ಅಕ್ಷರವನ್ನು ಓದಿಸಿ. ಮುಖಕ್ಕೆ ಹತ್ತಿರ ಎಳೆದುಕೊಂಡರೆ ಆ ಪರದೆ ಚಿಕ್ಕದಾಯಿತು. ಬಾಗಿಲಾಚೆ ಬಿಸಿಲಿಗೂ ತಂದು ನೋಡಿ. ಚಾರ್ಜರ್ ಸಿಕ್ಕಿಸಿಯೇ ಆಡಿಸಿ: ಸ್ವಿಚ್ ಲೈಟ್‌ನ ಚಾರ್ಜಿಂಗ್ ಪೋರ್ಟ್ ತಳದಲ್ಲಿರುವುದರಿಂದ ಮಡಿಲ ಮೇಲಿಟ್ಟರೆ ವೈರ್ ಮಡಚುತ್ತದೆ, ಡೆಕ್‌ನದು ಮೇಲಿದೆ. ಎರಡರಲ್ಲೂ ಕನ್ನಡ ಮೆನು ಇಲ್ಲ. ಮಾಲು ಹೊರದೇಶದಿಂದ ತರಿಸಿದ್ದಾದರೆ ವಾರಂಟಿ ಯಾರದು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಪ್ರಶ್ನೆ: ಸ್ಟಿಕ್ ಮುಟ್ಟದಿದ್ದರೂ ಆಟದ ಗೊಂಬೆ ತಾನಾಗಿ ನಡೆಯುತ್ತದೆ. ಮಳೆಗಾಲದ ಶೀತವೇ ಕಾರಣವೇ?
– ಓದುಗರು, ಮೂಡಿಗೆರೆ

ಉತ್ತರ: ಶೀತವೂ ಸೇರಿಕೊಂಡಿರಬಹುದು, ಆದರೆ ಸಾಮಾನ್ಯ ಕಾರಣ ಸ್ಟಿಕ್ಕಿನ ಅಡಿಯ ಕಾರ್ಬನ್ ಪಟ್ಟಿ ಸವೆದಿರುವುದು ಅಥವಾ ಅದರ ಮೇಲೆ ಧೂಳು ಕೂತಿರುವುದು. ಮೊದಲು ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ. ಹೋಗದಿದ್ದರೆ ಪೂರ್ತಿ ಆಫ್ ಮಾಡಿ, ಸ್ಟಿಕ್ಕನ್ನು ಒಂದು ಬದಿಗೆ ವಾಲಿಸಿ, ಶೇ 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಬಿಟ್ಟು ಸುತ್ತಲೂ ತಿರುಗಿಸಿ, ಚೆನ್ನಾಗಿ ಆರಿದ ಮೇಲೆ ಆನ್ ಮಾಡಿ. ಎಣ್ಣೆ ಬೇಡ, ಒಲೆಯ ಹತ್ತಿರ ಒಣಗಿಸುವುದೂ ಬೇಡ. ಕೆಲವೇ ದಿನಕ್ಕೆ ಮರುಕಳಿಸಿದರೆ ಪಟ್ಟಿ ಸವೆದಿದೆ ಎಂದೇ ತಿಳಿಯಿರಿ. ಆಗ ಸ್ಟಿಕ್ ಬದಲಿಸಬೇಕು; ನಿಮ್ಮ ಮಾಡೆಲ್‌ಗೆ ಸಿಕ್ಕಿದರೆ ಆಯಸ್ಕಾಂತದ ಹಾಲ್ ಸೆನ್ಸರ್ ಇರುವುದನ್ನೇ ಹಾಕಿಸಿ. ಅದರಲ್ಲಿ ಉಜ್ಜಿ ಸವೆಯುವ ಪಟ್ಟಿ ಇರುವುದಿಲ್ಲ. ಹಾಸನದ ವಿದ್ಯಾರ್ಥಿಗಳೂ ಪರೀಕ್ಷೆಗೆ ಮುನ್ನ ಇದನ್ನು ನೋಡಿಕೊಳ್ಳಲಿ. ಕೆಟ್ಟ ಸ್ಟಿಕ್ಕಿನ ತಪ್ಪು ವಿನ್ಯಾಸದ ತಲೆಗೆ ಬರಬಾರದು.