ನೊಣದ ತಲೆ ಜರಡಿ ಹಿಡಿಯೋದು ಯಾಕೆ?

ಪ್ರಶ್ನೆ: ಮಗಳು ಪುಣೆಯಲ್ಲಿ ಪಿಎಚ್‌ಡಿ ಮಾಡ್ತಿದಾಳೆ. ಮೊನ್ನೆ ಫೋನ್ ಮಾಡಿದ್ರೆ "ಅಮ್ಮಾ ಆಮೇಲೆ ಮಾಡ್ತೀನಿ, ನೊಣದ ತಲೆ ಜರಡಿ ಹಿಡೀತಿದೀನಿ" ಅಂದ್ಲು! ಯಾವ್ದೋ ಕೈನೇಸ್‌ಗೆ ಯಾವ ಪ್ರೋಟೀನ್ ಜೊತೆ ಸಂಬಂಧ ಅಂತ ಹುಡುಕ್ತಾಳಂತೆ, ಮೂರು ವರ್ಷ ಆಯ್ತು. ಅಷ್ಟ್ರಲ್ಲಿ ಅವಳಿಗೇ ಒಂದು ಸಂಬಂಧ ಹುಡುಕಬಹುದಿತ್ತು.
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಗಳು ಸುಳ್ಳು ಹೇಳಿಲ್ಲ ಮಾರಾಯ್ರೆ. ಹಣ್ಣಿನ ನೊಣನ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಗಟ್ಟಿ ಮಾಡಿ ಟ್ಯೂಬ್ ಜೋರಾಗಿ ಅಲ್ಲಾಡಿಸಿದ್ರೆ ತಲೆ ಕಾಲು ಎಲ್ಲ ಮುರಿದು ಬೀಳತ್ತೆ, ಎರಡು ಜರಡಿ ಇಟ್ರೆ ಮೈ ಮೇಲೆ, ತಲೆ ನಡುವೆ, ಕಾಲು ರೆಕ್ಕೆ ಕೆಳಗೆ.

ಕೈನೇಸ್ ಅಂದ್ರೆ ಎಟಿಪಿ ಅನ್ನೋ, ಕೋಶಕ್ಕೆ ಶಕ್ತಿ ಕೊಡೋ ಅಣುವಿಂದ ಒಂದು ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನ್‌ಗೆ ಅಂಟಿಸೋ ಎನ್‌ಜೈಮ್. ಎಷ್ಟೋ ಸಲ ಅಂಟಿಸಿದ ತಕ್ಷಣ ಬಿಟ್ಟು ಹೊರಟುಬಿಡತ್ತೆ, ದಾದರ್‌ನಲ್ಲಿ ಲೋಕಲ್ ಇಳಿದವ್ರ ಹಾಗೆ, ಕಷ್ಟ ಇರೋದೇ ಅಲ್ಲಿ. ಹಳೇ ದಾರಿ ಏನಂದ್ರೆ ತಲೆ ಅರೆದು, ಆಂಟಿಬಾಡಿ ಹಚ್ಚಿದ ಸಣ್ಣ ಮಣಿಗಳಿಂದ ಕೈನೇಸ್ ಹಿಡಿದೆಳೆದು, ಜೊತೆಗೆ ಬಂದವ್ರು ಯಾರು ಅಂತ, ತೂಕ ನೋಡಿ ಪ್ರೋಟೀನ್ ಗುರುತಿಸೋ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡೋದು. ಜಾಸ್ತಿ ತೊಳೆದ್ರೆ ನಿಜವಾದ ನೆಂಟರೇ ಜಾರಿಹೋಗ್ತಾರೆ, ಕಮ್ಮಿ ತೊಳೆದ್ರೆ ಟ್ಯೂಬುಲಿನ್ನು, ರೈಬೋಸೋಮಿನ ಪ್ರೋಟೀನು ಅಂತ ಕರೀದೇ ಇದ್ರೂ ಎಲ್ಲಾ ಮದುವೆಗೂ ಬರೋವ್ರು ಬಂದು ಪಂಕ್ತಿಯಲ್ಲಿ ಕೂತಿರ್ತಾರೆ. 2018ರಲ್ಲಿ ಬಂದ ಟರ್ಬೋಐಡಿ ಅನ್ನೋ ಎನ್‌ಜೈಮ್ ಅಂದ್ರೆ ಕೈನೇಸ್‌ಗೆ ಓಕುಳಿ ಪಿಚಕಾರಿ ಕಟ್ಟಿದ ಹಾಗೆ, ಹತ್ರ ಬಂದವ್ರ ಮೇಲೆಲ್ಲ ಬಯೋಟಿನ್ ಅನ್ನೋ ವಿಟಮಿನ್ ಗುರುತಾಗಿ ಬೀಳತ್ತೆ, ಆಮೇಲೆ ಅವ್ರು ಓಡಿಹೋದ್ರೂ ಗುರುತು ಸಿಗತ್ತೆ. ಆದ್ರೆ ಸುಮ್ನೆ ಪಕ್ಕದಲ್ಲಿ ನಿಂತವ್ರಿಗೂ ಬಣ್ಣ!

ಹಾಗಾಗಿ ಲಿಸ್ಟ್ ಮಾಡೋದು ಸುಲಭ, ಅದ್ರಲ್ಲಿ ಅಸಲಿ ಯಾರು ಅನ್ನೋದಕ್ಕೇ ವರ್ಷಗಳು ಹೋಗೋದು. ಇಲ್ಲಿ ನೊಣದ ಉಪಕಾರ ದೊಡ್ಡದು, ಲಿಸ್ಟಲ್ಲಿರೋ ಪ್ರೋಟೀನ್ ಮಾಡಿಸೋ ಜೀನ್ ಕೆಡಿಸಿ ಕಣ್ಣಲ್ಲಿ ಏನು ಕೆಡತ್ತೆ ಅಂತ ನೋಡಬಹುದು. ಅದರ ಒಂದು ಕಣ್ಣಲ್ಲಿ ಸುಮಾರು 750 ಪುಟ್ಟ ಕಣ್ಣು, ಒಂದೊಂದರಲ್ಲೂ ಬೆಳಕು ಹಿಡಿಯೋ 8 ಕೋಶ. ಸೆವೆನ್‌ಲೆಸ್ ಅನ್ನೋ ಕೈನೇಸ್ ಕೆಟ್ರೆ ಏಳನೇದು ಇರಲ್ಲ, ಹೆಸರೇ ಹಾಗೆ. 1991ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ಕೈನೇಸ್‌ನ ಅರೆಜೀವ ಮಾಡಿ ಇಟ್ಟು, ಬೇರೆ ಯಾವ ಜೀನ್‌ನ ಒಂದೇ ಕಾಪಿ ಕೆಟ್ರೂ ಏಳನೇ ಕೋಶ ಮಾಯ ಆಗತ್ತೆ ಅಂತ ಹುಡುಕಿದ್ರು, ಸಿಕ್ಕಿದವ್ರಲ್ಲಿ ಒಂದು ರಾಸ್, ನಮ್ಮ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಕೆಟ್ಟಿರೋ ಅದೇ ರಾಸ್. ಇವು ಕೈನೇಸ್‌ನ ಕೈ ಹಿಡಿದವಲ್ಲ ಅನ್ನಿ, ಅದೇ ಸಾಲಲ್ಲಿ ಮುಂದೆ ನಿಂತು ಕೆಲಸ ಮಾಡೋವು.

ಇಂಥ ಪರೀಕ್ಷೆಗೆ ನೊಣ ಕ್ರಾಸ್ ಮಾಡ್ಬೇಕು, ಅಂದ್ರೆ ಬೇರೆ ಬೇರೆ ತಳಿ ಕೂಡಿಸಿ ಮರಿ ಮಾಡಿಸ್ಬೇಕು, ಒಂದು ಪೀಳಿಗೆಗೆ ಹತ್ತು ದಿನ, ಅದೂ ಒಂದೊಂದು ಹೆಸರಿಗೂ ಹಲವು ಸಲ. ಮೂರು ವರ್ಷ ಏನೂ ಜಾಸ್ತಿ ಅಲ್ಲ. ಮುಂದಿನ ಸಲ ಫೋನ್‌ನಲ್ಲಿ ಲಿಸ್ಟಲ್ಲಿ ಎಷ್ಟು ಹೆಸರು ಉಳಿದಿದೆ ಅಂತ ಕೇಳಿ, ಗಂಡಿನ ವಿಷ್ಯ ಮಾತ್ರ ಎತ್ತಬೇಡಿ.