ಮಳೆ ಒಂದೇ, ತಾಕು ನಾಲ್ಕು

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಕೆಲಸ, ಚಿಂತಾಮಣಿ ಕಡೆ ಮೂರು ಎಕರೆ ತೆಗೆದುಕೊಳ್ಳುವ ಆಸೆ. ಮಳೆಗಾಲಕ್ಕೆ ಇಂಥ ಕೆಲಸ, ಚಳಿಗಾಲಕ್ಕೆ ಇಂಥದ್ದು, ಬೇಸಿಗೆಗೆ ಇಂಥದ್ದು ಅಂತ ಪಟ್ಟಿ ಮಾಡಿಕೊಂಡು ಶನಿವಾರ, ಭಾನುವಾರ ಬಂದು ಹೋದರೆ ನಡೆಯುತ್ತಾ? ಮಳೆ ಬಿಸಿಲು ನಿಮ್ಮ ದಿನವನ್ನು ಅಷ್ಟೊಂದು ಅಲ್ಲಾಡಿಸುತ್ತಾ?

ನಡೆಯಲ್ಲ. ಯಾಕೆ ಅಂತ ಹೇಳೋಕೆ ಮಾತ್ರ ಸ್ವಲ್ಪ ಉದ್ದ ಬರೀಬೇಕು.

ನನ್ನ ತವರು ತಿಪಟೂರಿನ ಹತ್ತಿರ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ತವರಲ್ಲಿ ತೆಂಗು. ತೆಂಗಿನ ತೋಟದವರ ಮನೆಯಲ್ಲಿ ಮಳೆ ಬಂತು ಅಂತ ಯಾರೂ ಎದ್ದು ಓಡಲ್ಲ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಅದು ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು, ಒಂದು ದಿನದ ಮೋಡಕ್ಕೆಲ್ಲ ಅಲ್ಲಿ ಲೆಕ್ಕವಿಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಒಂದು ರಾತ್ರಿ ಗುಡುಗಿತು. ಮನೆ ಮಂದಿಯೆಲ್ಲ ಒಟ್ಟಿಗೆ ಎದ್ದು ಒಬ್ಬೊಬ್ಬರು ಒಂದೊಂದು ಕಡೆ ಓಡಿದರು. ಕಳ್ಳರು ನುಗ್ಗಿದ್ದಾರೆ ಅಂದುಕೊಂಡು ನಾನು ಕೋಣೆ ಬಾಗಿಲು ಹಾಕಿಕೊಂಡಿದ್ದೆ. ನಮ್ಮತ್ತೆ ಈಗಲೂ ನೆಂಟರು ಬಂದಾಗ ಅದನ್ನು ಹೇಳಿ ನಗ್ತಾರೆ.

ಈ ಕಡೆ ಅಂದ ಕೂಡಲೇ ಎಲ್ಲರೂ ಹೇಳೋದು ನದಿಯಿಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಅಂತ. ಅದೆಲ್ಲ ನಿಜವೇ. ಆದರೆ ನಾನು ಕಂಡ ಕಷ್ಟ ಬೇರೆ. ಒಂದೇ ಬೆಳೆ ನಂಬಿದರೆ ಬೆಲೆ ಬಿದ್ದ ವರ್ಷ ಮುಳುಗುತ್ತೀವಿ ಅಂತ ಇಲ್ಲಿ ಎಲ್ಲರೂ ನಾಲ್ಕು ಬೆಳೆ ಇಟ್ಟಿರ್ತಾರೆ. ನಮ್ಮದು ನಾಲ್ಕೂವರೆ ಎಕರೆ. ಖುಷ್ಕಿಯಲ್ಲಿ ರಾಗಿ, ರೇಷ್ಮೆ ಹುಳುವಿನ ಮೇವಿಗೆ ಒಂದು ಎಕರೆ ಹಿಪ್ಪುನೇರಳೆ, ಮುಕ್ಕಾಲು ಎಕರೆ ಟೊಮೆಟೊ, ಉಳಿದದ್ದು ಮಾವು. ಬರೋ ಮಳೆ ಒಂದೇ, ಅದು ಒಂದು ತಾಕಿಗೆ ಬೇಕು, ಪಕ್ಕದ ತಾಕಿಗೆ ಬೇಡ.

ಸೆಪ್ಟೆಂಬರ್ ಕೊನೆಯ ಒಂದು ಸಂಜೆ ಅಂದುಕೊಳ್ಳಿ. ನಮ್ಮ ಕಡೆ ವರ್ಷದ ಒಳ್ಳೆ ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನದ್ದೇ. ರಾಗಿ ತೆನೆ ಬಿಡ್ತಾ ಇರುತ್ತೆ, ಅದಕ್ಕೆ ಆ ಮಳೆ ಅಮೃತ. ಟೊಮೆಟೊಗೆ ಮಧ್ಯಾಹ್ನ ತಾನೇ ಸಾವಿರಾರು ರೂಪಾಯಿಯ ಔಷಧಿ ಹೊಡೆದಿರ್ತೀವಿ, ಅದೆಲ್ಲ ತೊಳೆದುಕೊಂಡು ಹೋಗುತ್ತೆ, ಮೇಲೆ ಅಂಗಮಾರಿ ರೋಗದ ಭಯ. ಮಾವಿಗೆ ಆಗ ಬಂದರೂ ಪರವಾಗಿಲ್ಲ, ಬರದಿದ್ದರೂ ಪರವಾಗಿಲ್ಲ. ಅದೇ ಮಳೆ ನವೆಂಬರ್ ಬಂದರೂ ಬಿಡದಿದ್ದರೆ ಹೂ ಬರಬೇಕಾದ ಕೊಂಬೆಯಲ್ಲಿ ಬರೀ ಚಿಗುರು. ಇನ್ನು ಹಿಪ್ಪುನೇರಳೆ ಸೊಪ್ಪು ನೆಂದರೆ ಹುಳುವಿಗೆ ಹಾಕೋ ಹಾಗಿಲ್ಲ. ನಮ್ಮನೆಯವರು ರಾಗಿ ಹೊಲದ ಬದುವಿನ ಮೇಲೆ ನಿಂತು ‘ಬರಲಿ, ಬರಲಿ’ ಅಂತಿದ್ದರೆ ನಾನು ಹುಳುಮನೆ ಬಾಗಿಲಲ್ಲಿ ‘ಒಂದು ಗಂಟೆ ತಡಿಯಪ್ಪಾ’ ಅಂತಿರ್ತೀನಿ. ದೇವರು ಯಾರ ಮಾತು ಕೇಳಬೇಕು?

ಹುಳು ಮೇಯಿಸದವರಿಗೆ ಆ ಕೆಲಸ ಒಂದಿಷ್ಟು ಬಿಡಿಸಿ ಹೇಳಬೇಕು. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟೋವರೆಗೆ ಹೆಚ್ಚು ಕಡಿಮೆ ನಾಲ್ಕು ವಾರ. ಈ ನಡುವೆ ಹುಳು ನಾಲ್ಕು ಸಲ ಮೇವು ಬಿಟ್ಟು ಕೂತು ಪೊರೆ ಕಳಚುತ್ತೆ, ಅದಕ್ಕೆ ನಾವು ಜ್ವರ ಅಂತೀವಿ. ಅಷ್ಟು ದಿನದಲ್ಲಿ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ ತಿನ್ನುತ್ತೆ. ಆಗ ಹುಳುಮನೆಯಲ್ಲಿ ಸೊಪ್ಪು ಕಡಿಯೋ ಸದ್ದು ಸೋನೆ ಮಳೆ ಹಿಡಿದ ಹಾಗೆ ಕೇಳುತ್ತೆ. ದೊಡ್ಡ ಹುಳುವಿಗೆ 24, 25 ಡಿಗ್ರಿ ಶಾಖ ಇರಬೇಕು, ಗಾಳಿಯಲ್ಲಿ ತೇವ ಶೇಕಡ 70ರ ಹತ್ತಿರ. ಹೊರಗೆ ಏಪ್ರಿಲ್‌ನಲ್ಲಿ 37, 38 ಡಿಗ್ರಿ ಇದ್ದರೂ ಒಳಗೆ ಅಷ್ಟೇ ಇರಬೇಕು. ಬೇಸಿಗೆಯಲ್ಲಿ ಕಿಟಕಿಗೆ ಗೋಣಿಚೀಲ ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸ್ತೀನಿ, ಚಾವಣಿ ಮೇಲೆ ತೆಂಗಿನ ಗರಿ ಹೊದಿಸ್ತೀವಿ. ಡಿಸೆಂಬರ್‌ನಲ್ಲಿ ಉಲ್ಟಾ, ರಾತ್ರಿ ಎರಡಕ್ಕೆದ್ದು ಒಲೆಗೆ ಇದ್ದಿಲು ಹಾಕಬೇಕು. ಸುಡು ಬಿಸಿಲಲ್ಲಿ ಹಾಲುತೊಂಡೆ, ಚಳಿ ಮಳೆ ಸೇರಿದರೆ ಸುಣ್ಣಕಟ್ಟು, ಒದ್ದೆ ಸೊಪ್ಪು ತಿಂದರೆ ಸಪ್ಪೆ ರೋಗ. ಒಂದೊಂದು ಹವಾಮಾನಕ್ಕೂ ಒಂದೊಂದು ರೋಗ ಕಾದಿರುತ್ತೆ.

ನಾನು ಏಳೋ ಹೊತ್ತನ್ನು ತೀರ್ಮಾನ ಮಾಡೋದೂ ಸೊಪ್ಪೇ. ಬೇಸಿಗೆಯಲ್ಲಿ ಬಿಸಿಲೇರಿದರೆ ಸೊಪ್ಪು ಬಾಡುತ್ತೆ ಅಂತ ಐದೂವರೆಗೆ ಕುಡುಗೋಲು ಹಿಡಿದು ತೋಟದಲ್ಲಿರ್ತೀನಿ. ಪುಷ್ಯ ಮಾಸದಲ್ಲಿ ಇಬ್ಬನಿ ಆರೋವರೆಗೆ ಸೊಪ್ಪಿನ ಕಡ್ಡಿ ಮುಟ್ಟೋ ಹಾಗಿಲ್ಲ, ಒಂಬತ್ತಾಗುತ್ತೆ. ಹುಳು ಜ್ವರಕ್ಕೆ ಕೂತ ದಿನ ಏನೂ ತಿನ್ನಲ್ಲ, ನಮಗೆ ರಜ. ತವರಿಗೆ ಹೋಗೋದು, ಮದುವೆಗೆ ಹೋಗೋದು ಎಲ್ಲ ಆ ದಿನ ನೋಡಿಕೊಂಡೇ. ಚಳಿ ಜಾಸ್ತಿಯಾದರೆ ಜ್ವರ ಕೂರೋದೂ ತಡ, ಏಳೋದೂ ತಡ. ಹಾಗೆ ಲೆಕ್ಕ ತಪ್ಪಿ ನನ್ನ ತಮ್ಮನ ಮಗಳ ನಾಮಕರಣ ತಪ್ಪಿಸಿಕೊಂಡೆ. ಅವಳೀಗ ಏಳನೇ ಕ್ಲಾಸು, ಅವರಮ್ಮ ಇನ್ನೂ ಮರೆತಿಲ್ಲ.

ನಾಲ್ಕು ತಾಕಿಗೂ ಒಟ್ಟಿಗೆ ಏಟು ಬಿದ್ದಿದ್ದು 2021ರ ನವೆಂಬರ್‌ನಲ್ಲಿ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ತಮಿಳುನಾಡು ದಾಟಿ ಮೊದಲು ನೆನೆಯೋದು ನಾವು. ಆ ಸಲ ಹಿಡಿದ ಜಡಿ ಬಿಡಲೇ ಇಲ್ಲ. ರಾಗಿ ಕೊಯ್ದು ಅರಿ ಬಿಟ್ಟಿದ್ದೆವು. ಎರಡು ದಿನ ಒಣಗಿಸಿ ಕಂತೆ ಕಟ್ಟೋದು ಅಂತ ಲೆಕ್ಕ. ನಾಲ್ಕನೇ ದಿನ ಮಾವ ಹೊಲದಿಂದ ಒಂದು ತೆನೆ ತಂದು ಜಗಲಿ ಮೇಲಿಟ್ಟರು, ಮಾತಾಡಲಿಲ್ಲ. ಕಾಳು ಕಾಳಿಗೂ ಹಸಿರು ಮೊಳಕೆ, ಮಗುವಿನ ಮುಷ್ಟಿಗೆ ಗರಿಕೆ ಕೊಟ್ಟ ಹಾಗಿತ್ತು. ಅದೇ ವಾರ ಒಳಗೆ ನೂರು ಮೊಟ್ಟೆ ಹುಳು (ಒಂದು ಚಿಟ್ಟೆ ಇಟ್ಟಷ್ಟೂ ಸೇರಿ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ) ದೊಡ್ಡ ಮೇವಿನಲ್ಲಿತ್ತು. ನೆಂದ ಕಡ್ಡಿಯನ್ನೇ ಕತ್ತರಿಸಿ ತಂದು ನಡುಮನೆಯಲ್ಲಿ ಹಗ್ಗ ಕಟ್ಟಿ ನೇತು ಹಾಕಿದ್ವಿ. ಎರಡು ಫ್ಯಾನು ಹಗಲು ರಾತ್ರಿ ತಿರುಗಿದವು. ನಮ್ಮತ್ತೆ ತಮ್ಮ ಹಳೇ ಸೀರೆ ಹರಿದು ಒಂದೊಂದೇ ಕಡ್ಡಿ ಒರೆಸ್ತಾ ಕೂತರು. ಹುಳು ಉಳಿದವು. ಹಣ್ಣಾಗಿ, ಅಂದರೆ ಗೂಡು ಕಟ್ಟೋ ಹದಕ್ಕೆ ಬಂದು, ಗೂಡು ಕಟ್ಟಿಸೋ ಚಂದ್ರಿಕೆ ತಟ್ಟೆಗೆ ಬಿಟ್ಟಾಗ ಗಾಳಿಯಲ್ಲಿ ಬರೀ ತೇವ, ಗೂಡು ಮೆತ್ತಗಾಯ್ತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೀಲರ್ ಒಬ್ಬರು ಗೂಡು ಒತ್ತಿ ನೋಡಿ ‘ಇದು ಬಿಚ್ಚಲ್ಲಮ್ಮಾ’ ಅಂದರು. ಅವರದೂ ತಪ್ಪಲ್ಲ, ಬಿಚ್ಚದ ಗೂಡಿನಿಂದ ನೂಲು ಹೇಗೆ ತೆಗೀತಾರೆ?

ಮೊಳಕೆ ಬಂದ ರಾಗಿಯನ್ನು ಒಣಗಿಸಿ ಬಡಿದು ಅಷ್ಟೋ ಇಷ್ಟೋ ಮನೆಗೆ ತಂದೆವು. ಆ ಹಿಟ್ಟಿನಲ್ಲಿ ಮುದ್ದೆ ನಿಲ್ಲಲ್ಲ. ಎಷ್ಟು ತಿರುವಿದರೂ ತಟ್ಟೆಗೆ ಹಾಕಿದ ಕೂಡಲೇ ಸಗಣಿ ಹಾಗೆ ಹರಡಿಕೊಳ್ಳೋದು, ಬಾಯಿಗಿಟ್ಟರೆ ಒಂಥರಾ ಸಿಹಿ. ಮುಂದಿನ ರಾಗಿ ಬರೋವರೆಗೆ ಅದನ್ನೇ ಉಂಡೆವು.

2023 ಇದಕ್ಕೆ ತದ್ವಿರುದ್ಧ. ಬೇಸಿಗೆಯಲ್ಲಿ ಬಿಳಿ ನೊಣ ಬಿದ್ದು ಟೊಮೆಟೊಗೆ ಎಲೆ ಮುದುರು ಹತ್ತಿತು, ಮೇ ತಿಂಗಳಲ್ಲೇ ಗಿಡ ಕಿತ್ತು ಬಿಸಾಕಿದ್ವಿ. ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಗಿಡ ಉಳಿದವರು ಸಾಲ ತೀರಿಸಿದರು, ನಾವು ಅದನ್ನು ಟಿವಿಯಲ್ಲಿ ನೋಡಿದೆವು. ಆಮೇಲೆ ಆಗಸ್ಟ್ ಪೂರ್ತಿ ಮಳೆ ಕೈಕೊಟ್ಟಿತು. ಊರ ಹುಡುಗರು ಮಣ್ಣಿನ ಮಳೆರಾಯನನ್ನು ತಲೆ ಮೇಲೆ ಹೊತ್ತು ಮನೆ ಮನೆಗೆ ಬಂದರು. ನಾನೂ ಒಂದು ಬಿಂದಿಗೆ ಸುರಿದೆ, ಟ್ಯಾಂಕರ್ ನೀರು.

ಮುನ್ಸೂಚನೆ ನೋಡಲ್ವಾ ಅಂತ ಕೇಳ್ತೀರಿ. ನೋಡ್ತೀವಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ನನ್ನ ಫೋನಲ್ಲಿದೆ, ಮೋಡ ಕಟ್ಟಿದಾಗ ಹಸು ಮೇಯಿಸೋಕೆ ಹೋದವರಿಗೆ ಫೋನ್ ಮಾಡೋಕೆ ಅದು ನಿಜಕ್ಕೂ ಉಪಯೋಗ. ಮಳೆ ವಿಷಯಕ್ಕೆ ಬಂದರೆ, ಕೆರೆ ಏರಿಯ ಆ ಕಡೆ ಹುಯ್ಯುತ್ತೆ, ಈ ಕಡೆ ಧೂಳು. ಅತ್ತೆಗೆ ಮಳೆಯೆಲ್ಲ ನಕ್ಷತ್ರದ ಲೆಕ್ಕ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಅಂತ ನಮ್ಮ ತವರಲ್ಲಿ ಹೇಳ್ತಿದ್ದರು. ಇಲ್ಲಿ ಜೂನ್ ಕೊನೆಯ ಆರಿದ್ರೆಗೆ ಗಾಳಿಯೇ ಜಾಸ್ತಿ. ಆಷಾಢದ ಗಾಳಿ ಬೀಸಿ ಮೋಡವನ್ನೆಲ್ಲ ಆಂಧ್ರಕ್ಕೆ ಸಾಗಿಸಿಬಿಡುತ್ತೆ. ನಮ್ಮತ್ತೆ ನೆಚ್ಚಿಕೊಳ್ಳೋದು ಪುನರ್ವಸು, ಪುಷ್ಯ ಮಳೆಯನ್ನ, ಅಂದರೆ ಜುಲೈ. ಮುಷ್ಟಿಯಲ್ಲಿ ಮಣ್ಣು ಹಿಡಿದು ಉಂಡೆ ನಿಂತರೆ ಹದ, ಅವತ್ತೇ ಬಿತ್ತಬೇಕು. ಮಾರನೇ ದಿನದ ಬಿಸಿಲಿಗೆ ಕೆಂಪು ಮಣ್ಣಿನ ಹದ ಹಾರಿಹೋಗುತ್ತೆ. ಅವತ್ತು ಮಂಗಳವಾರ ಆಗಿದ್ದರೆ ನಿಮ್ಮ ಭಾನುವಾರದ ಪಟ್ಟಿ ಇಟ್ಟುಕೊಂಡು ಏನು ಮಾಡ್ತೀರಿ?

ಬರೀ ಗೋಳು ಅಂದುಕೊಳ್ಳಬೇಡಿ. ರಾಗಿ ಜೊತೆ ಅಕ್ಕಡಿ ಸಾಲಿನಲ್ಲಿ ಹಾಕಿದ ಅವರೆ ಡಿಸೆಂಬರ್‌ನಲ್ಲಿ ಕಾಯಿ ಕಚ್ಚುತ್ತೆ. ಒಳ್ಳೆ ಚಳಿ ಬಿದ್ದು ಇಬ್ಬನಿ ಸುರಿದ ವರ್ಷ ಕಾಯಿ ಸಿಪ್ಪೆ ಮೇಲೆ ಜಿಡ್ಡು ಜಿಡ್ಡು ಸೊಗಡು. ಒಂದು ಪುಟ್ಟಿ ಬಿಡಿಸಿ ಕೂತರೆ ಎರಡು ದಿನ ಕೈ ಘಮಘಮ ಅನ್ನುತ್ತೆ. ಮೋಡ ಮುಸುಕಿದ ವರ್ಷ ಕಾಯಿಯೇನೋ ಬರುತ್ತೆ, ಸೊಗಡಿರಲ್ಲ, ಹುಳಾನೂ ಜಾಸ್ತಿ. ನೀವು ಬೆಂಗಳೂರಿನಲ್ಲಿ ಹಿತಕಿದ ಬೇಳೆ ಸಾರು ಉಂಡು ‘ಈ ಸಲ ಯಾಕೋ ರುಚಿಯಿಲ್ಲ’ ಅಂದರೆ ನಮ್ಮಲ್ಲಿ ಇಬ್ಬನಿ ಬಿದ್ದಿಲ್ಲ ಅಂತ ತಿಳ್ಕೊಳ್ಳಿ. ಮಾವಿನ ಹೂವಿಗೆ ಮಾತ್ರ ಅದೇ ಮಂಜು ಅತಿಯಾದರೆ ಬೂದಿ ರೋಗ. ಮತ್ತೆ ಅದೇ ಕಥೆ.

ವಾರಕ್ಕೆರಡು ದಿನವೇ ನಿಮ್ಮಿಂದ ಆಗೋದು ಅಂತಾದರೆ ಟೊಮೆಟೊ, ರೇಷ್ಮೆ ಮರೆತುಬಿಡಿ. ಮಾವು, ಹುಣಸೆ, ನೇರಳೆ ಥರ ನೀವು ಬರೋವರೆಗೆ ಕಾಯೋ ಗುಣ ಇರೋ ಮರ ಹಾಕಿ. ಮಾವಿಗೂ ಹೂ ಬಂದಾಗ ಜಿಗಿ ಹುಳುವಿಗೆ ಔಷಧಿ ಹೊಡೆಯೋಕೆ, ಏಪ್ರಿಲ್, ಮೇನಲ್ಲಿ ಆಲಿಕಲ್ಲು ಮಳೆ ಬಿದ್ದ ಮಾರನೇ ದಿನ ಉದುರಿದ ಕಾಯಿ ಆಯೋಕೆ ಊರಲ್ಲೇ ಇರೋ ಒಬ್ಬರು ಬೇಕು. ಅವರಿಗೆ ಸಂಬಳ ಅಲ್ಲದೆ ಫಸಲಲ್ಲಿ ಪಾಲು ಅಂತ ಮಾತಾಡಿಕೊಳ್ಳಿ, ರಾತ್ರಿ ಗುಡುಗಿದರೆ ಅವರಾಗೇ ಏಳ್ತಾರೆ.

ಇನ್ನೊಂದು ಮಾತು. ದಲ್ಲಾಳಿಗಳು ಜಮೀನು ತೋರಿಸೋದು ಅಕ್ಟೋಬರ್, ನವೆಂಬರ್‌ನಲ್ಲಿ. ಆಗ ಕೆರೆಯಲ್ಲಿ ನೀರು ನಿಂತಿರುತ್ತೆ, ರಾಗಿ ಹೊಲ ತೂಗ್ತಿರುತ್ತೆ, ಯಾರಿಗಾದರೂ ಆಸೆಯಾಗುತ್ತೆ. ಮುಂಗಡ ಕೊಡೋ ಮುಂಚೆ ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಬನ್ನಿ. ತ್ರೀ ಫೇಸ್ ಕರೆಂಟ್ ಇರೋ ಹೊತ್ತು ಕೇಳಿಕೊಂಡು ಬಂದು ಬೋರ್‌ನ ಮೋಟರ್ ಆನ್ ಮಾಡಿಸಿ, ಪೈಪಿನ ಬಾಯಿ ಹತ್ತಿರ ಒಂದು ಗಂಟೆ ನಿಂತು ನೋಡಿ. ಮೊದಲ ಹತ್ತು ನಿಮಿಷ ಎಲ್ಲ ಬೋರೂ ಚೆನ್ನಾಗೇ ಹೊಡೆಯುತ್ತೆ.