ಚೀಸ್ ಪೊಟ್ಟಣದೊಳಗಿನ ಹಾಲು ಎಲ್ಲಿಯದು?

ಪ್ರಶ್ನೆ: ‘ಸ್ಥಳೀಯ’ ಎಂದು ಮುದ್ರಿಸಿ, ಬೆಂಗಳೂರಿನ ವಿಳಾಸ ಕೊಟ್ಟಿರುವ ಚೀಸ್ ಕೊಳ್ಳುತ್ತೇವೆ. ಅದು ನಿಜವಾಗಿಯೂ ನಮ್ಮ ರೈತರ ಹಾಲಿನದೇ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಆ ವಿಳಾಸ ಯಾರದೆಂದು ನೋಡಿ. ‘ಮಾರಾಟಗಾರರು’ ಎಂಬುದರ ಮುಂದೆ ಬೆಂಗಳೂರು ಇದ್ದು, ‘ತಯಾರಕರು’ ಎಂಬುದರ ಮುಂದೆ ಬೇರೊಂದು ರಾಜ್ಯದ ಊರು ಸಣ್ಣ ಅಕ್ಷರದಲ್ಲಿ ಇರುವುದುಂಟು. ಆಮದಾದ ಸರಕಾದರೆ ಮೂಲ ದೇಶದ ಹೆಸರೂ ಇರಲೇಬೇಕು. ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಗಳಲ್ಲಿ ಎರಡನೆಯ ಮತ್ತು ಮೂರನೆಯ ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ. ಕರ್ನಾಟಕಕ್ಕೆ 12. ಆ ಎರಡು ಅಂಕಿಗಳ ಜಾಗದಲ್ಲಿ 00 ಇದ್ದರೆ ಅದು ಕೇಂದ್ರದ ಪರವಾನಗಿಯಾದ್ದರಿಂದ ಅವುಗಳಿಂದ ರಾಜ್ಯ ತಿಳಿಯುವುದಿಲ್ಲ.

ಆದರೆ ಇವೆಲ್ಲ ಕಾರ್ಖಾನೆಯ ಗುರುತುಗಳೇ ಹೊರತು ಹಾಲಿನ ಗುರುತುಗಳಲ್ಲ. ಹೋಳು ಮತ್ತು ಘನಾಕೃತಿಗಳಲ್ಲಿ ಸಿಗುವ ಸಂಸ್ಕರಿಸಿದ ಚೀಸನ್ನು, ಮೊದಲೇ ತಯಾರಾದ ಚೆಡ್ಡಾರ್‌ನಂಥ ಚೀಸ್‌ಗೆ ಎಮಲ್ಸಿಫೈಯರ್ ಲವಣಗಳನ್ನು (ಕರಗಿದಾಗ ಕೊಬ್ಬು ಬೇರ್ಪಡದಂತೆ ತಡೆಯುವಂಥವು) ಸೇರಿಸಿ, ಕರಗಿಸಿ, ಅಚ್ಚಿಗೆ ಹಾಕಿ ಮಾಡುತ್ತಾರೆ. ಆ ಮೂಲ ಚೀಸ್ ದೂರದ ಊರಿನಿಂದ ಬಂದಿದ್ದರೂ ಕರಗಿಸಿದ ಊರೇ ತಯಾರಿಕೆಯ ಸ್ಥಳವಾಗಿ ಅಚ್ಚಾಗಬಹುದು. ಹೀಗಾಗಿ ಘಟಕಾಂಶಗಳ ಪಟ್ಟಿಯ ಆರಂಭದಲ್ಲಿ ‘ಚೀಸ್’ ಎಂದಿದೆಯೋ ‘ಹಾಲು’ ಎಂದಿದೆಯೋ ಎಂಬುದನ್ನು ನಾನು ವಿಳಾಸಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಹಾಲು, ಉಪ್ಪು, ಹೆಪ್ಪಿನ ಜೀವಾಣು, ರೆನ್ನೆಟ್ (ಹಾಲನ್ನು ಗಟ್ಟಿಯಾಗಿಸುವ ಕಿಣ್ವ) ಇಷ್ಟೇ ಇದ್ದರೆ ಹಾಲು ಚೀಸಾದದ್ದು ಬಹುಮಟ್ಟಿಗೆ ಅದೇ ಘಟಕದಲ್ಲಿ. ಸಸ್ಯಜನ್ಯ ಎಣ್ಣೆ ಕಂಡರೆ ಅದು ಚೀಸೇ ಅಲ್ಲ.

ಒಂದು ಕಿಲೋ ಚೆಡ್ಡಾರ್‌ಗೆ ಸುಮಾರು 10 ಲೀಟರ್ ಹಸುವಿನ ಹಾಲು ಬೇಕು. ಅಷ್ಟು ಹಾಲನ್ನು ಯಾವ ಹಳ್ಳಿಗಳಿಂದ, ಯಾವ ಸಂಘಗಳಿಂದ ಕೊಳ್ಳುತ್ತೀರಿ ಎಂದು ಪೊಟ್ಟಣದ ಮೇಲಿರುವ ಗ್ರಾಹಕ ಸಂಪರ್ಕ ಸಂಖ್ಯೆಗೆ ಕೇಳಿ. ಸ್ಪಷ್ಟ ಹೆಸರುಗಳು ಸಿಗದಿದ್ದರೆ ‘ಸ್ಥಳೀಯ’ ಎಂಬ ಮಾತಿಗೆ ಹೆಚ್ಚಿನ ಬೆಲೆ ಕೊಡಬೇಡಿ.